ಪರದೆ ಇಳಿಸಿದ ಪಾಲಿಹೌಸ್

ಕೊರೋನಾ ಅಬ್ಬರ ತಗ್ಗಿದ ಮರುವರ್ಷ ನಾನು ದೊಡ್ಡಬಳ್ಳಾಪುರದ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಡಾಕ್ಟರಮ್ಮನ ಬಾಯಿ ಜೋರು ಎಂಬುದು ಆ ಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ರೋಗಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂಬುದು ನನ್ನ ಹಟ.

ಒಂದು ಬೆಳಿಗ್ಗೆ ಗುಲಾಬಿ ಬೆಳೆಗಾರ ನಾಗರಾಜ ತನ್ನ ಹೆಂಡತಿ ಸವಿತಾಳನ್ನು ಕಾರಿನಲ್ಲಿ ಕರೆತಂದ. ಏಳು ತಿಂಗಳ ಬಸುರಿ. ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್‌ನೊಳಗೆ ತಲೆಸುತ್ತಿ ಬಿದ್ದಿದ್ದಳು, ವಾಂತಿಯೂ ಆಗಿತ್ತು. ಈಗ ಎಚ್ಚರವಿತ್ತು, ತಲೆ ಸಿಡಿಯುತ್ತಿದೆ ಎನ್ನುತ್ತಿದ್ದಳು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆವು. ತೊಂಬತ್ತೆಂಟು ತೋರಿಸಿತು.

“ನೋಡಿ ಮೇಡಂ, ಆಕ್ಸಿಜನ್ ಚೆನ್ನಾಗೈತೆ. ಒಂದ್ ಗ್ಲೂಕೋಸ್ ಹಾಕ್ಬಿಡಿ, ಮನೆಗೆ ಕರ್ಕೊಂಡ್ ಹೋಗ್ತೀನಿ,” ಎಂದ ನಾಗರಾಜ, ತನ್ನ ಹಣೆ ಒತ್ತಿಕೊಳ್ಳುತ್ತ.

“ನಿಂಗೂ ತಲೆನೋವೇನಪ್ಪಾ? ಒಳಗೆ ಔಷಧಿ ಹೊಡೆದ್ರಾ?”

“ಇಲ್ಲ ಮೇಡಂ. ಹಳೇ ಗಿಡ ಕಿತ್ತಾಕಿ ವೀಡರ್ ಓಡಿಸ್ತಿದ್ದೆ. ಇವ್ಳು ಕೂತ್ಕೊಂಡು ಬೇರು ಆರಿಸ್ತಿದ್ಲು.”

ವೀಡರ್ ಎಂದರೆ ಕೈಯಲ್ಲಿ ಹಿಡಿದು ಮಣ್ಣು ಸಡಿಲಿಸುವ ಪುಟ್ಟ ಪೆಟ್ರೋಲ್ ಯಂತ್ರ. ಗಾಳಿಯಾಡಲೆಂದು ಪಾಲಿಹೌಸ್‌ನ ಪಕ್ಕದ ಪ್ಲಾಸ್ಟಿಕ್ ಪರದೆಗಳನ್ನು ಸುತ್ತಿ ಮೇಲೆತ್ತುವುದು ವಾಡಿಕೆ. ಎತ್ತಿದ್ದೆಯಾ ಎಂದು ಕೇಳಿದೆ.

“ಎಲ್ಲಾ ಇಳಿಸಿದ್ದೆ. ಪಕ್ಕದ್ ಜಮೀನು ಲೇಔಟ್ ಆಗ್ತೈತೆ. ಜೆಸಿಬಿಗಳದ್ದು ಕರೀ ಹೊಗೆ, ಧೂಳು. ಬಸುರಿ ಹೆಂಗ್ಸು ಅದನ್ನ ಕುಡೀಬಾರ್ದು ಅಂತ.”

ನನಗೆ ಆಗ ಹೊಳೆಯಿತು. ಪೆಟ್ರೋಲ್ ಎಂಜಿನ್ ಉಗುಳುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಅದು ಆಮ್ಲಜನಕದ ಜಾಗ ಹಿಡಿದರೂ ಸಾಮಾನ್ಯ ಆಕ್ಸಿಮೀಟರ್‌ಗೆ ವ್ಯತ್ಯಾಸ ತಿಳಿಯುವುದಿಲ್ಲ, ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ತಾಯಿ ತಡೆದುಕೊಂಡರೂ ಹೊಟ್ಟೆಯ ಮಗು ತಡೆಯಲಾರದು. ಗಂಡ ಹೆಂಡತಿ ಇಬ್ಬರಿಗೂ ಆಕ್ಸಿಜನ್ ಮಾಸ್ಕ್ ಹಾಕಿಸಿದೆ. ಡಾಪ್ಲರ್ ಇಟ್ಟು ಕೇಳಿದರೆ ಮಗುವಿನ ಎದೆಬಡಿತ ತೀರಾ ನಿಧಾನವಾಗಿತ್ತು. ಕೂಡಲೇ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದೆ.

ಸವಿತಾ ಉಳಿದಳು. ಮಗು ಉಳಿಯಲಿಲ್ಲ.

ಕೆಲವು ವಾರಗಳ ಮೇಲೆ ಇಬ್ಬರೂ ತಪಾಸಣೆಗೆ ಬಂದರು. ಎಲ್ಲ ಮುಗಿದು ಹೊರಡುವಾಗ ನಾಗರಾಜ ಬಾಗಿಲಲ್ಲೇ ನಿಂತು, “ಪರದೆ ಎತ್ತಿದ್ರೆ ಮಗು ಉಳೀತಿತ್ತಾ ಮೇಡಂ?” ಎಂದ.

ಅವನ ಬೆನ್ನ ಹಿಂದೆ ನಿಂತಿದ್ದ ಸವಿತಾ ನನ್ನನ್ನೇ ನೋಡುತ್ತ ಬೇಡವೆಂದು ತಲೆಯಾಡಿಸಿದಳು. ಮಗುವನ್ನು ಕಳೆದುಕೊಂಡವಳು ಗಂಡನನ್ನು ಕಾಯುತ್ತಿದ್ದಳು.

“ಅದನ್ನೆಲ್ಲ ಹೇಳಕ್ಕಾಗಲ್ಲಪ್ಪಾ,” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆ ವೀಡರ್ ಇನ್ನೂ ಅವರ ಪಾಲಿಹೌಸ್‌ನಲ್ಲೇ ಇತ್ತು. ನಾಳೆ ಅದನ್ನು ಓಡಿಸುವವನೂ ಅವನೇ. ಸಮಾಧಾನ ಹೇಳಿ ಕಳಿಸಿದರೆ ನನ್ನ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಅಷ್ಟು ಕಟುವಾಗಿ ನಾನು ಕಲಿತದ್ದು ಆ ಬಾಗಿಲಲ್ಲೇ.

“ನಾಗರಾಜ, ಇನ್ಮೇಲೆ ಒಳಗೆ ಯಾವ ಎಂಜಿನ್ ಓಡಿಸಿದ್ರೂ ಪರದೆ ಪೂರ್ತಿ ಎತ್ತಿರ್ಬೇಕು. ಹೊರಗೆ ಎಷ್ಟೇ ಹೊಗೆ ಇರ್ಲಿ.”

ಅವನು ತಿರುಗಿ ಸವಿತಾಳ ಮುಖ ನೋಡಿದ.

“ಹಂಗಾದ್ರೆ ಉಳೀತಿತ್ತು,” ಎಂದ.