ಆರಿಯದಾಸ ಕತ್ತರಿಸಿದ ನಾಲ್ಕು ನಿಮಿಷ

ನಿರ್ದೇಶಕ ಹೆಂದಾವಿತಾರಣ ಅವರ ಏಳು ಸಿನಿಮಾಗಳನ್ನು ಏಳು ದಿನ ಊರಿನ ಟಾಕೀಸಿನಲ್ಲಿ ತೋರಿಸುತ್ತಾರೆಂದು ಕಡಲತಡಿಯ ಅಂಬಲಂಗೊಡಕ್ಕೆಲ್ಲ ಸಡಗರ. ಆರಿಯದಾಸನಿಗೆ ಮಾತ್ರ ಊಟ ಸೇರದು, ನಿದ್ದೆ ಹತ್ತದು.

ಮೂವತ್ತು ವರ್ಷ ಅದೇ ಟಾಕೀಸಿನಲ್ಲಿ ರೀಲು ಓಡಿಸಿದವನು ಅವನು. ಆ ನಿರ್ದೇಶಕರ ಮೊದಲ ಚಿತ್ರ ಬಂದಾಗ ಅದರಲ್ಲೊಂದು ದೃಶ್ಯವಿತ್ತು: ಮಗನ ದೋಣಿಗಾಗಿ ಮುದುಕಿಯೊಬ್ಬಳು ದಂಡೆಯಲ್ಲಿ ಕಾಯುತ್ತಾಳೆ. ನಾಲ್ಕು ನಿಮಿಷ, ಮಾತಿಲ್ಲ ಕತೆಯಿಲ್ಲ. ಮೊದಲ ದಿನವೇ ಜನ ಸಿಳ್ಳೆ ಹಾಕಿ ಪರದೆಗೆ ಕಡಲೆ ಎಸೆದರು. ಆ ನಾಲ್ಕು ನಿಮಿಷದಿಂದ ಪರ ಊರಿನವರಿಗೆ ಕೊನೆಯ ರೈಲು ಬೇರೆ ತಪ್ಪುತ್ತಿತ್ತು. ಮರುದಿನ ಆರಿಯದಾಸ ಕತ್ತರಿ ಆಡಿಸಿದ, ಎರಡು ತುದಿ ಸೇರಿಸಿ ಅಂಟಿಸಿದ. ಆಗ ಎಲ್ಲ ಟಾಕೀಸಿನಲ್ಲೂ ಹಾಗೇ ಮಾಡುತ್ತಿದ್ದರು. ರೀಲು ಊರು ಬಿಡುವಾಗ ತುಂಡನ್ನು ಮತ್ತೆ ಜೋಡಿಸಿ ಕಳಿಸುವುದು ರೂಢಿ. ಈ ಪುಣ್ಯಾತ್ಮ ಮರೆತ.

ಮುಂದೆ ಉಳಿದ ಪ್ರತಿಗಳೆಲ್ಲ ಗೋದಾಮಿನ ಬೆಂಕಿಗೆ ಹೋದವು. ಉಳಿದದ್ದು ಇವನು ಕತ್ತರಿಸಿದ್ದೊಂದೇ. ದಂಡೆಯಿಂದ ಮಗನ ಶವಪೆಟ್ಟಿಗೆಗೆ ಚಿತ್ರ ತಟ್ಟನೆ ಹಾರುವುದನ್ನು ಕಂಡು ಪತ್ರಿಕೆಯವರು ‘ಆಹಾ, ಏನು ಕೌಶಲ!’ ಎಂದು ಬರೆದರು. ಓದಿದಾಗಲೆಲ್ಲ ಆರಿಯದಾಸನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

“ತುಂಡು ಬಿಸ್ಕತ್ತಿನ ಡಬ್ಬದಲ್ಲಿದೆಯಲ್ಲ, ಡೈರೆಕ್ಟ್ರು ಬಂದಾಗ ಕೊಟ್ಟು ತಪ್ಪಾಯ್ತು ಅನ್ನಿ,” ಎಂದಳು ಹೆಂಡತಿ ಸೀಲಾವತಿ. “ಅವರಿಗೂ ಎಂಬತ್ತಾರು, ಇನ್ನೆಷ್ಟು ದಿನ ಇರ್ತಾರೆ? ಬೈದ್ರೆ ಬೈಸ್ಕೊಳ್ಳಿ. ಇಷ್ಟು ವರ್ಷ ನನ್ ಕೈಲಿ ಬೈಸ್ಕೊಂಡಿಲ್ವಾ?”

ಆಟಕ್ಕೆ ಮುಂಚೆ ಟಾಕೀಸಿನ ಜಗಲಿಯಲ್ಲಿ ನಿರ್ದೇಶಕರ ಗಾಲಿಕುರ್ಚಿಯ ಮುಂದೆ ನಿಂತು ಎಲ್ಲ ಒಪ್ಪಿಕೊಂಡ. ಗಾಳಿ ತಾಗದಿರಲೆಂದು ಮೇಣ ಮೆತ್ತಿದ್ದ ಡಬ್ಬವನ್ನು ತೆರೆದ. ಹುಳಿ ನಾತ ಮೂಗಿಗೆ ಹೊಡೆಯಿತು. ಗಾಳಿಯಾಡದೆ ಫಿಲ್ಮು ಕೊಳೆತು, ಕರಗಿ, ಅಂಟಿಕೊಂಡು ಒಂದು ಮುದ್ದೆಯಾಗಿತ್ತು. ಜೋಪಾನ ಮಾಡಿಯೇ ಹಾಳು ಮಾಡಿದ್ದ.

ಹಿರಿಯರು ಆ ಮುದ್ದೆಯನ್ನು ಮಡಿಲಲ್ಲಿಟ್ಟುಕೊಂಡರು. “ಆ ಹೆಂಗಸು ಯಾರು ಗೊತ್ತೇನಪ್ಪಾ? ನಮ್ಮಮ್ಮ. ಅದೊಂದು ದೃಶ್ಯದಲ್ಲಷ್ಟೇ ಇದ್ಲು. ಅವಳದೊಂದು ಫೋಟೋನೂ ಇಲ್ಲ ನನ್ನ ಹತ್ರ.”

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ನೀನು ನೋಡಿದ್ದೀಯಲ್ಲ,” ಎಂದರು ಮತ್ತೆ. “ನಡುವೆ ಒಂದ್ಸಲ ನಮ್ ಕಡೆ ತಿರುಗ್ತಾಳೆ. ಆಗ ಮುಖ ಹೇಗಿತ್ತು, ಹೇಳು. ನನಗೆ ಮರ್ತು ಹೋಗ್ತಾ ಇದೆ.”

ಆರಿಯದಾಸ ಕಣ್ಣು ಮುಚ್ಚಿ ನೆನಪು ಕೆದಕಿದ. ಸಿಳ್ಳೆ ಕೇಳಿಸಿತು. ಕಡಲೆ ಪಟಪಟ ಪರದೆಗೆ ಬಡಿದದ್ದು ಕೇಳಿಸಿತು. ಮುಖ ಬರಲಿಲ್ಲ.

“ನೋಡ್ಲಿಲ್ಲ ಸರ್,” ಎಂದ. “ನಾನು ಗಡಿಯಾರ ನೋಡ್ತಿದ್ದೆ.”