ಫಸ್ಟ್ ಪಿಟೀಲಿನ ಪುಸ್ತಕ

ಮಾಸ್ಟ್ರು ಫೋನ್ ಮಾಡಿದ್ದು ಸಂಕ್ರಾಂತಿಯ ಮಾರನೇ ದಿನ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅವರು ಯಾರಿಗೂ ಫೋನ್ ಮಾಡ್ತಾ ಇರಲಿಲ್ಲ.

"ಏನಮ್ಮಾ, ನಮ್ಮ ಸಿಂಫನಿ ಪುಸ್ತಕಗಳು ಯಾರ್ಯಾರ ಹತ್ರ ಇವೆ? ಎಲ್ಲಾ ಒಟ್ಟು ಮಾಡಿ ತಗೊಂಡು ಬಾ. ನನ್ನ ಹತ್ರ ಇದ್ದ ಪೂರ್ತಿ ಪ್ರತೀನ ಗೆದ್ದಲು ತಿಂದ್ಬಿಟ್ಟಿದೆ. ಮೊಮ್ಮಗಳು ಕಂಪ್ಯೂಟರ್‌ಗೆ ಹಾಕಿ ಕೇಳಿಸ್ತಾಳಂತೆ. ಹೋಗೋದ್ರೊಳಗೆ ಒಂದ್ಸಲ ಕೇಳಿಬಿಟ್ರೆ ಸಾಕು ನಂಗೆ."

ಆಯ್ತು ಸಾರ್, ಅಂದೆ. ಅದೇನು ಮಹಾ ಕೆಲಸ ಅಂದುಕೊಂಡೆ.

ನಮ್ಮದು ಸಿಂಫನಿ ಆರ್ಕೆಸ್ಟ್ರಾ. ನಗಬೇಡಿ. ರಾಜಾಜಿನಗರದ ಒಂದು ಪ್ರೈಮರಿ ಸ್ಕೂಲಿನಲ್ಲಿ, ಭಾನುವಾರ ಬೆಳಿಗ್ಗೆ, ಒಂದನೇ ಕ್ಲಾಸಿನ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂತು ನುಡಿಸುತ್ತಿದ್ದ ಒಂಬತ್ತು ಜನ. ಇಂಗ್ಲೆಂಡಿನಲ್ಲಿ ಸಣ್ಣಪುಟ್ಟ ಊರಿನ ಆರ್ಕೆಸ್ಟ್ರಾದಲ್ಲೂ ತೊಂಬತ್ತು ಜನ ಇರ್ತಾರಂತೆ. "ಒಂಬತ್ತು ಬಂದಾಗಿದೆ, ಸೊನ್ನೆ ಆಮೇಲೆ ಹಾಕ್ಕೊಳ್ಳೋಣ" ಅನ್ನೋರು ಮಾಸ್ಟ್ರು. ಅವರ ತಂದೆ ಮೈಸೂರಲ್ಲಿ ಮಹಾರಾಜರ ಕಾಲದ ಇಂಗ್ಲಿಷ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಆ ವಿದ್ಯೆ ಮಗನಿಗೆ ಬಂತು. ಮಗನಿಂದ ಒಬ್ಬ ಫ್ಯಾಕ್ಟರಿ ಫಿಟ್ಟರಿಗೆ, ಒಬ್ಬ ಬ್ಯಾಂಕ್ ಗುಮಾಸ್ತರಿಗೆ, ಹೈಸ್ಕೂಲಲ್ಲಿ ಲೆಕ್ಕ ಹೇಳಿಕೊಡ್ತಿದ್ದ ನನಗೆ, ಇನ್ನೂ ಆರು ಜನಕ್ಕೆ.

ಆರ್ಕೆಸ್ಟ್ರಾ ಅಂದ ತಕ್ಷಣ ಜನ ಸಿನಿಮಾ ಹಾಡು ಅಂದುಕೊಳ್ಳೋರು. ರಾಜ್ಯೋತ್ಸವಕ್ಕೆ ಕರೆಸಿದವರು "ಹಾಡೋರು ಎಲ್ಲಿ ಸಾರ್?" ಅಂತ ವ್ಯಾನಿನೊಳಗೆ ಇಣುಕಿ ನೋಡೋರು. ಮಾರೇನಹಳ್ಳಿಯ ಒಂದು ಪೆಂಡಾಲಿನಲ್ಲಿ ನಾವು ನುಡಿಸ್ತಾ ಇದ್ದ ಹಾಗೇ ಮೈಕ್ ಆಫ್ ಮಾಡಿ ಲಕ್ಕಿ ಡಿಪ್ ಶುರು ಮಾಡಿದ್ರು, ಹಾಳಾದೋರು. ನಾವೂ ಬಿಡಲಿಲ್ಲ. ಮೈಕಿಲ್ಲದೇ ಮುಗಿಸಿ ಎದ್ದೆವು.

ಅವತ್ತು ನುಡಿಸಿದ್ದು ಮಾಸ್ಟ್ರು ಸ್ವಂತ ಬರೆದ ಸಿಂಫನಿ. ಎರಡು ವರ್ಷ ಕೂತು ಬರೆದು, ಒಬ್ಬೊಬ್ಬರ ಪಾಲನ್ನೂ ಒಂದೊಂದು ಉದ್ದದ ನೋಟ್‌ಬುಕ್ಕಿಗೆ ತಾವೇ ಇಳಿಸಿ ಕೊಟ್ಟಿದ್ದರು. ಅವರವರ ಪುಸ್ತಕ ಅವರವರ ಮನೆಯಲ್ಲಿ. ನವರಾತ್ರಿಯಲ್ಲಿ ಒಂಬತ್ತೂ ಪುಸ್ತಕ ಮಾಸ್ಟ್ರ ಮನೆಗೆ ಬಂದು, ಸರಸ್ವತಿ ಪಟದ ಮುಂದೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂರಬೇಕು. ವಿಜಯದಶಮಿವರೆಗೂ ಯಾರೂ ಮುಟ್ಟೋ ಹಾಗಿಲ್ಲ. ಪುಸ್ತಕಕ್ಕೆ ಅಪ್ಪಿತಪ್ಪಿ ಕಾಲು ತಗುಲಿದರೆ ಮೂರು ಸಲ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು.

ಧಾಟಿಯೆಲ್ಲ ಫಸ್ಟ್ ಪಿಟೀಲಿಗೆ. ಅದು ನಮ್ಮ ಬ್ಯಾಂಕ್ ಗುಮಾಸ್ತರದ್ದು, ಅವರ ಕೈಯೇ ಕೈ. ಮಿಕ್ಕವರೆಲ್ಲ ಅವರಿಗೆ ಒತ್ತಾಸೆ. ನಾನು ಸೆಕೆಂಡ್ ಪಿಟೀಲು. ಎರಡು ಸ್ವರ ಎಳೆಯೋದು, ಸುಮ್ಮನಾಗೋದು. ನಡುವಿನ ಭಾಗದಲ್ಲಂತೂ ಹದಿನಾರು ಬಾರ್, ಅಂದರೆ ಹದಿನಾರು ತಾಳದ ಸುತ್ತು, ಕಮಾನು ತೊಡೆ ಮೇಲಿಟ್ಟು ಸುಮ್ಮನೆ ಕೂರಬೇಕು, ಹದಿನೇಳನೆಯದಕ್ಕೆ ಸರಿಯಾಗಿ ಸೇರಿಕೊಳ್ಳಬೇಕು. ತಪ್ಪಿದರೆ ಮಾಸ್ಟ್ರು "ಲೆಕ್ಕದ ಟೀಚರ್ರಮ್ಮಾ, ನಿಮಗೆ ಹದಿನಾರು ಎಣಿಸೋಕೆ ಬರಲ್ವಾ?" ಅಂತ ಎಲ್ಲರ ಮುಂದೆ ಮಾನ ಕಳೆಯೋರು.

ಆಮೇಲೆ ಎಲ್ಲಾ ಹಾಗೇ ಕರಗಿಹೋಯಿತು. ಸ್ಕೂಲಿನವರು ರೂಮನ್ನ ಟ್ಯೂಷನ್ನಿಗೆ ಕೊಟ್ಟರು. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಮೊಮ್ಮಕ್ಕಳು. ಮೊಬೈಲಲ್ಲಿ ರೆಕಾರ್ಡ್ ಮಾಡೋ ಕಾಲ ಬರೋ ಹೊತ್ತಿಗೆ ನಮ್ಮ ಆಟ ಮುಗಿದಿತ್ತು. ಕೊರೋನಾದಲ್ಲಿ ಇಬ್ಬರು ಹೋದರು. ಅದು ಮುಗಿದ ವರ್ಷ ಫಸ್ಟ್ ಪಿಟೀಲಿನವರೂ ಹಾರ್ಟ್ ಅಟ್ಯಾಕಲ್ಲಿ ಹೋದರು.

ಮಾಸ್ಟ್ರ ಫೋನ್ ಬಂದ ಎರಡು ವಾರದಲ್ಲಿ ಎಂಟು ಪುಸ್ತಕ ಸಿಕ್ಕಿಬಿಟ್ಟವು, ನನಗೇ ಆಶ್ಚರ್ಯ. ಮಹಾಲಕ್ಷ್ಮಿ ಲೇಔಟಿನ ಕ್ಲಾರಿನೆಟ್ ಪುಸ್ತಕ ಅಟ್ಟದ ಮೇಲೆ ಹಳೇ ಕುಕ್ಕರಿನ ಡಬ್ಬದಲ್ಲಿತ್ತು. ಬಸವೇಶ್ವರನಗರದಲ್ಲಿ, ತೀರಿಹೋದ ಫಿಟ್ಟರ್ ಅವರ ಮಗ ಪುಸ್ತಕ ತೆಗೆದುಕೊಟ್ಟು "ಇದು ಯಾವ ಭಾಷೆ ಆಂಟಿ?" ಅಂದ. ಉಳಿದಿದ್ದು ಫಸ್ಟ್ ಪಿಟೀಲು ಒಂದೇ. ಅವರ ಮನೆಗೆ ಅಂತ ಉಲ್ಲಾಳದ ಸಿಟಿ ಬಸ್ಸು ಹತ್ತಿದೆ.

ಅವರ ಹೆಂಡತಿ ನನ್ನ ನೋಡಿ ಹಿಗ್ಗಿಹೋದರು. ಅವರೆಕಾಳಿನ ಉಪ್ಪಿಟ್ಟು, ಮೇಲೆ ಕಾಫಿ. ಹಾರ ಹಾಕಿದ ಫೋಟೋ ಕೆಳಗೆ ಪಿಟೀಲಿನ ಪೆಟ್ಟಿಗೆ ಇತ್ತು. ಪುಸ್ತಕ ಬೇಕಾಗಿತ್ತು ಅಕ್ಕಾ, ಅಂದೆ.

"ಪುಸ್ತಕಾನಾ? ನೀವೇ ಹೇಳಿದ್ರಲ್ಲಮ್ಮಾ!"

ನಾನೇನು ಹೇಳಿದೆ?

"ನಮ್ಮ ಮೈದುನ ಇದ್ನೆಲ್ಲ ರದ್ದಿಗೆ ಹಾಕಿ ಅತ್ಗೇ ಅಂತಿದ್ದ. ನನಗೆ ಮನಸ್ಸು ಬರಲಿಲ್ಲ, ನಿಮ್ಮನ್ನ ಕೇಳಿದೆ. 'ಅಯ್ಯೋ ಅಕ್ಕಾ, ಅದು ಸರಸ್ವತಿ, ತೂಕಕ್ಕೆ ಹಾಕ್ಬೇಡಿ, ಅವರ ಜೊತೆಗೇ ಕಳಿಸಿಕೊಡಿ' ಅಂದ್ರಿ. ಕೆಂಪು ವಸ್ತ್ರದಲ್ಲಿ ಸುತ್ತಿ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಜೊತೆಗೇ ಬಿಟ್ವಿ. ತೇಲಲೇ ಇಲ್ಲ ನೋಡಿ, ಅಲ್ಲೇ ಮುಳುಗಿಹೋಯ್ತು. ತೃಪ್ತಿಯಾಯ್ತು ಅವರಿಗೆ ಅಂದ್ರು ಪುರೋಹಿತರು."

ಹೇಳಿದ್ದೆ. ಹೌದು, ಹೇಳಿದ್ದೆ. ಅವರ ಮನೆಯ ಬಾಗಿಲಲ್ಲೇ ನಿಂತು, ಚಪ್ಪಲಿ ಹಾಕಿಕೊಳ್ಳುತ್ತಾ. ಎಷ್ಟು ಚೆನ್ನಾಗಿ ಹೇಳಿದೆ ಅಂತ ಒಳಗೊಳಗೇ ಹೆಮ್ಮೆಪಟ್ಟುಕೊಂಡು ಮನೆಗೆ ಹೋಗಿದ್ದೆ. ಪೂರ್ತಿ ಪ್ರತಿ ಮಾಸ್ಟ್ರ ಹತ್ರ ಇದ್ದೇ ಇರುತ್ತೆ ಅನ್ನೋ ಧೈರ್ಯ ಬೇರೆ. ನನ್ನ ನಾಲಿಗೆಗೆ ಬೆಂಕಿ ಹಾಕ. ಆ ಮೈದುನನ ಮಾತು ಕೇಳಿ ರದ್ದಿಗೆ ಹಾಕಿದ್ದಿದ್ದರೂ ಯಾವುದೋ ಅಂಗಡಿಯ ಮೂಲೆಯಲ್ಲಿ ಹುಡುಕಬಹುದಿತ್ತು. ಆ ತಾಯಿಯ ಮುಖ ನೋಡಿ ಇನ್ನೇನು ಹೇಳಲಿ? "ಒಳ್ಳೇ ಕೆಲಸ ಮಾಡಿದ್ರಿ ಅಕ್ಕಾ" ಅಂದೆ.

ವಾಪಸ್ ಬಸ್ಸಿನಲ್ಲಿ ಕಣ್ಣು ಮುಚ್ಚಿ ಆ ಧಾಟಿ ನೆನಪಿಸಿಕೊಳ್ಳೋಕೆ ನೋಡಿದೆ. ಹನ್ನೊಂದು ವರ್ಷ ಅವರ ಪಕ್ಕದ ಬೆಂಚಿನಲ್ಲೇ ಕೂತವಳು. ಮೊದಲ ಸಾಲು ಬಂತು, ಆಮೇಲೆ ತಲೆಯಲ್ಲಿ ಬರೀ ಒಂದು ಎರಡು ಮೂರು ನಾಕು. ಆ ಹದಿನಾರು ಬಾರಿನಲ್ಲಿ ಅವರು ಜೀವ ತುಂಬಿ ನುಡಿಸುತ್ತಿದ್ದರು, ಮಾಸ್ಟ್ರ ಕಣ್ಣಲ್ಲಿ ನೀರು ಬಂದಿದ್ದನ್ನೂ ನೋಡಿದ್ದೇನೆ. ನಾನು ಕೇಳಿಸಿಕೊಳ್ಳಲೇ ಇಲ್ಲ. ಎಣಿಸುತ್ತಾ ಕೂತಿದ್ದೆ.

ಮಾರನೇ ದಿನ ನನ್ನ ಪಿಟೀಲನ್ನೂ ಹೆಗಲಿಗೇರಿಸಿಕೊಂಡು ವಿಜಯನಗರಕ್ಕೆ ಹೋಗಿ ಎಂಟು ಪುಸ್ತಕ ಮಾಸ್ಟ್ರ ಮಂಚದ ಮೇಲಿಟ್ಟೆ. ಎಡಗೈಯಲ್ಲಿ ಒಂದೊಂದೇ ಸರಿಸಿ ನೋಡಿದರು. "ಫಸ್ಟು?"

"ಇಲ್ಲ ಸಾರ್. ಅಸ್ಥಿ ಜೊತೆ ನೀರಿಗೆ ಬಿಟ್ಟುಬಿಟ್ರಂತೆ."

ಅವರು ಎಂಟೂ ಪುಸ್ತಕಗಳನ್ನ ಎಡಗೈಯಲ್ಲೇ ಒಂದರ ಮೇಲೊಂದು ಜೋಡಿಸಿದರು. ಆಮೇಲೆ ಮೊದಲ ಸಾಲು ಗುನುಗಿದರು, ಬಸ್ಸಿನಲ್ಲಿ ನನ್ನ ನೆನಪು ನಿಂತ ಜಾಗಕ್ಕಿಂತ ಸ್ವಲ್ಪ ಮುಂದೆ ಹೋಗಿ ಅವರೂ ನಿಂತರು. "ಬರೆದಿಟ್ಟಿದ್ದೀನಲ್ಲ, ಇನ್ಯಾಕೆ ತಲೇಲಿಟ್ಕೊಳ್ಳೋದು ಅಂತ ಬಿಟ್ಬಿಟ್ಟೆ ಕಣಮ್ಮಾ. ಎಲ್ಲಿ, ನಿನ್ನದು ನುಡಿಸು. ಕೇಳ್ತಾ ಕೇಳ್ತಾ ಬಂದ್ರೂ ಬರಬಹುದು."

ನುಡಿಸಿದೆ. ಎರಡು ಸ್ವರ, ಸುಮ್ಮನೆ. ಎರಡು ಸ್ವರ, ಸುಮ್ಮನೆ. ನಡುವಿನ ಭಾಗ ಬಂತು, ಕಮಾನು ತೊಡೆ ಮೇಲಿಟ್ಟೆ. ಅವರ ಎಡಗೈ ತಾಳ ಹಾಕುತ್ತಲೇ ಇತ್ತು, ಕಣ್ಣು ನನ್ನ ಪಕ್ಕದ ಖಾಲಿ ಜಾಗದ ಮೇಲೆ. ತುಟಿ ಒಂದೆರಡು ಸಲ ಅಲ್ಲಾಡಿತು. ಬೀದಿಯಲ್ಲಿ ತರಕಾರಿ ಗಾಡಿಯವನು ಟೊಮ್ಯಾಟೊ ಕೂಗಿಕೊಂಡು ಹೋದ. ಹದಿನೇಳನೆಯ ಬಾರಿಗೆ ನಾನು ಸರಿಯಾಗಿ ಸೇರಿಕೊಂಡೆ, ಕೊನೆವರೆಗೂ ಒಂದು ತಪ್ಪಿಲ್ಲದೆ.

"ಬರಲಿಲ್ಲ" ಅಂದರು ಮಾಸ್ಟ್ರು. ತಾಳ ಹಾಕ್ತಿದ್ದ ಕೈ ಇಳಿಸಿ, "ನೀರಿಗೆ ಬಿಡಿ ಅಂತ ಯಾರು ಹೇಳಿದ್ರಂತೆ?"

"ಗೊತ್ತಿಲ್ಲ ಸಾರ್."

"ಯಾರೋ ಪುಸ್ತಕದ ಮೇಲೆ ಭಕ್ತಿ ಇದ್ದೋರೇ ಹೇಳಿರ್ತಾರೆ. ಅಂಥೋರನ್ನ ಏನಂತ ಬೈಯೋದು" ಅಂದರು. ಮತ್ತೆ ಎಡಗೈ ಎತ್ತಿದರು. "ಇನ್ನೊಂದ್ಸಲ ಮೊದಲಿಂದ ತಗೋ."

ಪಿಟೀಲು ಎತ್ತಿಕೊಂಡೆ. ಈ ಸಲ ಆ ಹದಿನಾರು ಬಾರನ್ನ ನಾನು ಎಣಿಸಲಿಲ್ಲ, ಕಿವಿಗೊಟ್ಟು ಕೇಳುತ್ತಾ ಕೂತೆ. ಏನೂ ಇರಲಿಲ್ಲ. ಎಲ್ಲಿ ಸೇರಿಕೊಳ್ಳಬೇಕು ಅಂತ ತಿಳಿಯದೆ ಹಾಗೇ ಕೂತಿದ್ದೆ, ಮಾಸ್ಟ್ರೂ ಬೈಯಲಿಲ್ಲ.