ಸೈಕಲ್ಲು ಮಾತ್ರ ನನ್ನ ತಂಗಿಯದು

ಫೋಟೋದಲ್ಲಿ ಮೂರು ಗಾಲಿ ಸೈಕಲ್ಲಿನ ಮೇಲೆ ಕೂತವಳು ನನ್ನ ತಂಗಿಯಲ್ಲ. ಸೈಕಲ್ಲು ಮಾತ್ರ ನನ್ನ ತಂಗಿಯದು. ಹ್ಯಾಂಡಲಿಗೆ ಅವಳೇ ಹೊಲಿದು ಕಟ್ಟಿದ ಹಸಿರು ಚೀಲ ತೂಗುತ್ತಿತ್ತು. ಅದನ್ನು ನೋಡಿಯೇ ಗುರುತು ಹಿಡಿದೆ. ಕೊಪ್ಪಳದಲ್ಲಿ ನಮಗೆ ವಿಪತ್ತು ನಿರ್ವಹಣೆಯ ತರಬೇತಿ ನಡೆಯುತ್ತಿತ್ತು. ಪರದೆಯ ತುಂಬ ಆ ಫೋಟೋ ಹಾಕಿ, ತರಬೇತಿ ಕೊಡುವವರು ಕೋಲು ತೋರಿಸಿ ಹೇಳುತ್ತಿದ್ದರು: "ನೋಡಿ, ಅಣಕು ಕಾರ್ಯಾಚರಣೆಯಲ್ಲಿ ಅಂಗವಿಕಲರನ್ನೂ ಹೇಗೆ ಒಳಗೊಂಡಿದ್ದೇವೆ." ಸೈಕಲ್ಲಿನ ಮೇಲೆ ಕೂತ ಹುಡುಗಿ ಕಾಲೇಜಿನವಳು, ಎರಡೂ ಕಾಲು ಗಟ್ಟಿ ಇರುವವಳು. ಫೋಟೋ ತೆಗೆಸಿಕೊಂಡಾದ ಮೇಲೆ ಇಳಿದು ಓಡುತ್ತಾ ಹೋಗಿ ಐಸ್‌ಕ್ರೀಮು ತಂದಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಹೈಸ್ಕೂಲು ಟೀಚರು. ಸರ್ಕಾರದ ಯಾವ ತರಬೇತಿ ಬಂದರೂ ಮೊದಲು ನೆನಪಾಗುವುದು ನಾವೇ. ಜನಗಣತಿಗೂ ನಾವೇ, ಚುನಾವಣೆಗೂ ನಾವೇ, ಈಗ ನೆರೆ ಬಂದರೂ ನಾವೇ. ಆ ದಿನ ಪಕ್ಕದಲ್ಲಿ ಕುಷ್ಟಗಿಯ ಟೀಚರೊಬ್ಬರು ಕೂತಿದ್ದರು. ಬೆಳಗಿನಿಂದ ದೋಣಿಯಲ್ಲಿ ಹೇಗೆ ಕೂರಬೇಕು, ಲೈಫ್ ಜಾಕೆಟ್ಟು ಹೇಗೆ ಕಟ್ಟಬೇಕು ಎಂದು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. "ನಮ್ಮ ಕಡೆ ಹೊಳಿನ ಇಲ್ರಿ ಟೀಚರ್. ಬ್ಯಾಸಗ್ಯಾಗ ಕುಡ್ಯಾಕ ನೀರಿಲ್ಲ, ಇವರು ಈಸಾಕ ಕಲಿಸಾಕತ್ತಾರ. ಸಿಡ್ಲು ಬಡಿದ್ರ ಏನ್ ಮಾಡ್ಬೇಕಂತ ಕೇಳಿದ್ರ, ಅದು ನಮ್ಮ ಸ್ಲೈಡಿನ್ಯಾಗ ಇಲ್ಲ ಅಂದ್ರು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಲ್ಲಿ ಹೊಳೆ ಇದೆ. ಅದರ ನೀರು ನಮ್ಮ ಮನೆಯೊಳಗೆ ಬಂದು ಹೋಗಿ ಇನ್ನೂ ಗೋಡೆ ಒಣಗಿರಲಿಲ್ಲ.

ನನ್ನ ತವರೂರು ಗಂಗಾವತಿ ತಾಲೂಕಿನ ಹೊಳೆದಂಡೆಯಲ್ಲಿದೆ. ನಾನು ಕಲಿಸುವ ಶಾಲೆಯೂ ಅಲ್ಲೇ, ಊರ ಹೊರಗಿನ ದಿಬ್ಬದ ಮೇಲೆ. ಗಂಗಾವತಿಯಿಂದ ದಿನಾಲೂ ಬಸ್ಸಿಗೆ ಬರುತ್ತೇನೆ. ತವರುಮನೆಯಲ್ಲಿ ಅಣ್ಣ, ವೈನಿ, ತಂಗಿ ಇದ್ದಾರೆ. ಅಣ್ಣ ವೈನಿ ಇಬ್ಬರೂ ಕಾರಟಗಿಯ ಅಕ್ಕಿ ಗಿರಣಿಗೆ ನಸುಕಿನಲ್ಲೇ ಹೋದರೆ ಬರುವುದು ಸಂಜೆಗೆ. ಹಗಲೆಲ್ಲ ಮನೆಯಲ್ಲಿ ತಂಗಿ ಒಬ್ಬಳೇ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವಳ ಎರಡೂ ಕಾಲು ಹೋದವು. ಆದರೆ ಕೈ ಅಂದರೆ ಕೈ! ಬಲಗೈಯಿಂದ ಗಾಲಿ ತಿರುಗಿಸುವ ಹೊಲಿಗೆ ಮಷಿನ್ನಿನ ಮುಂದೆ ಕೂತಳೆಂದರೆ ಮಧ್ಯಾಹ್ನದ ಊಟವೂ ನೆನಪಿರುವುದಿಲ್ಲ. ಪಕ್ಕದೂರು ಮರಳಿಯಿಂದಲೂ ಹೆಣ್ಣುಮಕ್ಕಳು ಅವಳ ಹತ್ತಿರ ಜಂಪರು ಹೊಲಿಸಲು ಬರುತ್ತಿದ್ದರು. ಬಾಯಿಯೂ ಅಷ್ಟೇ ಚುರುಕು. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ, "ಉಸರು ಬಿಡಬೇ, ಹಬ್ಬದೂಟ ಉಂಡ ಮ್ಯಾಲ ಹುಕ್ಕು ಹರೀತಾವ" ಎನ್ನುತ್ತಿದ್ದಳು.

ನೆರೆ ಬರುವ ಮುಂಚಿನ ಬೇಸಿಗೆಯಲ್ಲಿ ಊರಿಗೆ ಅಣಕು ಕಾರ್ಯಾಚರಣೆ ಬಂತು. ಡ್ಯಾಮಿನ ಗೇಟು ಎತ್ತಿದರೆ ಊರು ಖಾಲಿ ಮಾಡಿಸುವುದು ಹೇಗೆ ಎಂಬುದರ ಅಭ್ಯಾಸ. ಉಸ್ತುವಾರಿಗೆ ಒಬ್ಬ ಅಧಿಕಾರಿ, ಅವರ ಕೈಕೆಳಗೆ ಗಂಗಾವತಿಯಿಂದ ಬಂದ ಕಿತ್ತಳೆ ಬಣ್ಣದ ಜಾಕೆಟ್ಟಿನ ಸ್ವಯಂಸೇವಕರು. ಎರಡು ತಂಡ ಮಾಡಿಕೊಂಡು ಊರಿನ ಎರಡು ತುದಿಯಿಂದ ಮನೆ ಮನೆ ಖಾಲಿ ಮಾಡಿಸುತ್ತಾ ಬರಬೇಕು. ಖಾಲಿಯಾದ ಮನೆಯ ಬಾಗಿಲಿಗೆ ಸುಣ್ಣದಲ್ಲಿ ಗುರುತು ಹಾಕಬೇಕು, ಇನ್ನೊಂದು ತಂಡ ಮತ್ತೆ ಅದೇ ಮನೆಗೆ ಹೋಗದಿರಲಿ ಎಂದು. ಎಲ್ಲರೂ ನಮ್ಮ ಶಾಲೆಯ ಗೇಟು ದಾಟಿದ ಮೇಲೆ ಗಡಿಯಾರ ನಿಲ್ಲಿಸುವುದು.

ಸುದ್ದಿ ಕೇಳಿ ತಂಗಿಗೆ ಬಹಳ ಹುರುಪು. ಬೆಳಿಗ್ಗೆಯೇ ತಲೆ ಬಾಚಿಕೊಂಡು ಬಾಗಿಲಲ್ಲಿ ಕೂತಿದ್ದಳು. ಅಧಿಕಾರಿ ಬಂದವರೇ ಅವಳನ್ನು ನೋಡಿ, ಮುಖ ಸಣ್ಣದು ಮಾಡಿ ನನ್ನ ಕಡೆ ತಿರುಗಿದರು.

"ಮೇಡಂ, ಇವರು ಒಳಗೇ ಇರಲಿ. ಇವರನ್ನು ಎತ್ತಿಕೊಂಡು ಹೋಗೋದಂದ್ರೆ ಟೈಮ್ ಹಾಳಾಗುತ್ತೆ. ಮೇಲಿನವರಿಗೆ ಟೈಮಿಂಗ್ ತೋರಿಸಬೇಕು."

"ಟೈಮ್ ಹಾಳಾಗ್ತೈತಂತನ ನಾ ಹೇಳೂದ್ರಿ" ಎಂದಳು ತಂಗಿ. "ನನ್ನ ಎತ್ತಾಕ ಎಷ್ಟು ಮಂದಿ ಬೇಕು, ಎಲ್ಲಿ ಹಿಡೀಬೇಕು, ಈಗ ನೋಡ್ಕೊಳ್ರಿ. ನೀರು ಬಂದಾಗ ಕಲಿಯಾಕ ಆಗೂದಿಲ್ಲ."

"ಖರೇ ನೀರು ಬಂದಾಗ ನಿಮ್ಮನ್ನೇ ಮೊದಲು ಒಯ್ತೀವಿ ತಾಯಿ. ಇವತ್ತು ಆರಾಮಾಗಿರಿ" ಎಂದು ಕೈ ಮುಗಿದರು. ಆಮೇಲೆ ಅವರ ಕಣ್ಣು ಸೈಕಲ್ಲಿನ ಮೇಲೆ ಬಿತ್ತು. ಅರ್ಧ ತಾಸು ಕೊಡಿ, ಫೋಟೋಕ್ಕೆ ಬೇಕು ಎಂದರು. ಅಲ್ಲ, ಎಂಥ ಮನುಷ್ಯರಿವರು? ಸೈಕಲ್ಲು ಬೇಕು, ಸೈಕಲ್ಲಿನವಳು ಬೇಡ! ನಾನು ಬೇಡ ಎನ್ನುವಷ್ಟರಲ್ಲಿ ತಂಗಿಯೇ, "ಒಯ್ಯಲಿ ಬಿಡಕ್ಕಾ. ನಾ ಹೋಗದಿದ್ರೂ ನನ್ನ ಸೈಕಲ್ಲರ ಸಾಲಿ ನೋಡಿ ಬರ್ಲಿ" ಎಂದಳು. ಬಾಗಿಲು ಮುಂದಕ್ಕೆ ಎಳೆದು, ಅವಳು ಒಳಗಿರುವಾಗಲೇ ಎತ್ತರಕ್ಕೆ ಸುಣ್ಣದ ಗುರುತು ಹಾಕಿ ಮುಂದಿನ ಮನೆಗೆ ಹೋದರು. ಸಂಜೆ ಸೈಕಲ್ಲು ಚೈನು ಹರಿದುಕೊಂಡು ಬಂತು. ರಿಪೇರಿ ಮಾಡಿಸಿ ಕೊಡುತ್ತೇವೆ ಎಂದು ತಿರುಗಿ ಗಂಗಾವತಿಗೆ ಒಯ್ದವರು ಮಳೆಗಾಲ ಬಂದರೂ ಕೊಡಲಿಲ್ಲ. ಕೇಳಿದಾಗೆಲ್ಲ, "ಬಿಲ್ ಪಾಸಾಗಬೇಕ್ರಿ" ಎಂಬ ಮಾತು.

ಸುಣ್ಣದ ಗುರುತು ಬಾಗಿಲ ಮೇಲೆ ಉಳಿದಿತ್ತು. ನಮ್ಮ ಊರುಗಳಲ್ಲಿ ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಪೋಲಿಯೋ ಹನಿ ಹಾಕುವವರು ಗೀಚಿದ್ದು, ಜನಗಣತಿಯವರು ಬರೆದದ್ದು, ಎಲ್ಲ ಹಬ್ಬ ಬರುವ ತನಕ ಇರುತ್ತವೆ. ನಾಗರ ಪಂಚಮಿಗೆ ಊರೆಲ್ಲ ಮನೆ ಸಾರಿಸಿ ಬಾಗಿಲು ತೊಳೆದಾಗ ಹೋಗುತ್ತವೆ. ಆ ವರ್ಷ ನಮ್ಮ ಕಾಕಾ ತೀರಿಕೊಂಡಿದ್ದರು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲ. ಊರಿನ ಎಲ್ಲ ಬಾಗಿಲುಗಳೂ ತೊಳೆದುಕೊಂಡು ಹೊಳೆಯುತ್ತಿದ್ದರೆ ನಮ್ಮ ಬಾಗಿಲ ಮೇಲೆ ಮಾತ್ರ ಬೇಸಿಗೆಯ ಗುರುತು ಹಾಗೇ ಇತ್ತು.

ಪಂಚಮಿ ಮುಗಿದ ಮೇಲೆ ಡ್ಯಾಮು ತುಂಬಿ ಗೇಟು ಎತ್ತಿದರು. ಶಾಲೆಗೆ ರಜೆ ಕೊಟ್ಟರು. ಕಾಳಜಿ ಕೇಂದ್ರ ನಮ್ಮ ಶಾಲೆಯೇ ಆದ್ದರಿಂದ ಬೀಗದ ಕೈ ಹಿಡಿದು ನಾನು ಬರಲೇಬೇಕಾಯಿತು. ಅಣ್ಣ ವೈನಿ ಎಂದಿನಂತೆ ಗಿರಣಿಗೆ ಹೋಗಿಯಾಗಿತ್ತು. ಶಾಲೆಯ ಗೇಟಿನ ಹತ್ತಿರವೇ ಜಾಕೆಟ್ಟಿನ ತಂಡದ ಮುಖ್ಯಸ್ಥ ಸಿಕ್ಕ. "ಮೊದ್ಲು ನಮ್ಮ ತಂಗಿನ ಕರ್ಕೊಂಡು ಬರ್ರಿ, ಆಕಿಗೆ ನಡ್ಯಾಕ ಬರೂದಿಲ್ಲ" ಎಂದೆ. "ಪ್ಲಾನ್ ಪ್ರಕಾರನ ಮಾಡ್ತೀವ್ರಿ ಮೇಡಂ, ನೀವು ಇಲ್ಲಿ ಸಾಲಿ ಸಂಭಾಳಿಸ್ರಿ" ಎಂದ. ತಂಗಿಗೆ ಫೋನು ಮಾಡಿದೆ. "ಬರಾಕತ್ತಾರಂತ, ಮೈಕಿನ್ಯಾಗ ಕೂಗಾಕತ್ತಾರ. ಗಾಬರಿ ಆಗಬ್ಯಾಡ" ಎಂದಳು. ಆಮೇಲೆ ಕರೆಂಟು ಹೋಯಿತು, ನೆಟ್‌ವರ್ಕೂ ಹೋಯಿತು.

ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಜನ ಬಂದರು, ಆಡು ಕೋಳಿ ಬಂದವು, ನಮ್ಮ ಓಣಿಯವರೂ ಬಂದರು. ತಂಗಿ ಬರಲಿಲ್ಲ. ತಂಡದ ಮುಖ್ಯಸ್ಥನನ್ನು ಹಿಡಿದು ನಿಲ್ಲಿಸಿ ಕೇಳಿದೆ.

"ಆ ಮನಿ ಆಗೈತ್ರಿ ಮೇಡಂ."

"ಯಾರು ಕರ್ಕೊಂಡು ಬಂದ್ರು?"

"ಆ ಕಡೆ ತಂಡದವ್ರು ಮಾಡ್ಯಾರ. ಬಾಗಲಿಗೆ ಗುರುತು ಐತಲ್ರಿ."

ಅವನ ಜಾಕೆಟ್ಟು ಹಿಡಿದು ಎಳೆದುಕೊಂಡೇ ಓಡಿ ಟ್ರ್ಯಾಕ್ಟರು ಹತ್ತಿದೆ. ಟ್ರ್ಯಾಕ್ಟರು ಓಣಿಯ ಬಾಯಿಗೆ ನಿಂತಿತು. ಅಲ್ಲಿಂದ ಮುಂದೆ ಮೊಣಕಾಲು ಮಟ ನೀರು. ಬಾಗಿಲು ದೂಡಿದರೆ ಒಳಗೆ ತಂಗಿ ಹೊರಸಿನ ಮೇಲೆ ಹತ್ತಿ ಕೂತಿದ್ದಾಳೆ. ಹೇಗೆ ಹತ್ತಿದಳೋ ದೇವರೇ ಬಲ್ಲ. ತೊಡೆಯ ಮೇಲೆ ಹೊಲಿಗೆ ಮಷಿನ್ನು, ಕೊರಳಿಗೆ ಮಂದಿಯ ಜಂಪರುಗಳ ಗಂಟು.

"ಬಂದ್ಯಾ? ಮೊದ್ಲು ಮಷಿನ್ ಹಿಡಿ" ಎಂದಳು. "ಇಲ್ಲೇ ಬಾಗಲಾ ಮುಂದ ನಿಂತು 'ಇದು ಆಗೈತಿ' ಅಂದು ಹ್ವಾದ್ರಕ್ಕಾ. ಎಷ್ಟು ಒದರಿದ್ನಿ! ಆಟೋದಾಗ ಮೈಕು 'ಯಾರೂ ಗಾಬರಿ ಆಗಬ್ಯಾಡ್ರಿ, ಯಾರೂ ಗಾಬರಿ ಆಗಬ್ಯಾಡ್ರಿ' ಅಂತ ಹೊಯ್ಕೊಳಾಕತ್ತಿತ್ತು. ನನ್ನ ದನಿ ಯಾರಿಗೆ ಕೇಳ್ಬೇಕು?"

ತಂಡದ ಮುಖ್ಯಸ್ಥ, ಅವನ ಜೊತೆಗೊಬ್ಬ. ಇಬ್ಬರೂ ತರಬೇತಿಯ ಸರ್ಟಿಫಿಕೇಟು ಪಡೆದವರು. ಇಬ್ಬರಿಗೂ ಒಬ್ಬ ಜೀವಂತ ಮನುಷ್ಯಳನ್ನು ಎಲ್ಲಿ ಹಿಡಿದು ಎತ್ತಬೇಕೆಂಬುದು ಗೊತ್ತಿಲ್ಲ. ತಂಗಿ ಹೇಳುತ್ತಲೇ ಇದ್ದಳು: "ಕೈ ಹಿಡದು ಜಗ್ಗಬ್ಯಾಡ್ರಿ, ಬಗಲಾಗ ಕೈ ಹಾಕ್ರಿ, ಮೊಣಕಾಲ ಕೆಳಗ ಒಬ್ರು ಹಿಡೀರಿ." ನೀರಿನ ಗಡಿಬಿಡಿಯಲ್ಲಿ ಯಾರು ಕೇಳುತ್ತಾರೆ? ಹೇಗೋ ಓಣಿ ದಾಟಿಸಿದರು. ಟ್ರೇಲರಿನ ಹಲಗೆ ಎತ್ತರ. ಮೇಲೆ ಹತ್ತಿದವನು ಅವಳ ಬಲಗೈ ಹಿಡಿದು ಒಂದೇ ಸಲಕ್ಕೆ ಎಳೆದ. ಭುಜದಲ್ಲಿ ಖಟ್ ಎಂದದ್ದು ನನಗೂ ಕೇಳಿಸಿತು. ಅವಳು ಕಿರುಚಿದ ಕಿರುಚು ಈಗಲೂ ಬಸ್ಸಿನಲ್ಲಿ ಕೂತಾಗ ಕಿವಿಗೆ ಬರುತ್ತದೆ.

ಗಂಗಾವತಿಯ ಆಸ್ಪತ್ರೆಯಲ್ಲಿ ಭುಜ ಕೂಡಿಸಿದರು, ಪಟ್ಟಿ ಕಟ್ಟಿದರು. ಕೂಡಿತು, ಆದರೆ ಮೊದಲಿನ ಕೈ ಬರಲಿಲ್ಲ. ಮಷಿನ್ನಿನ ಗಾಲಿ ತುಸು ತಿರುಗಿಸುವಷ್ಟರಲ್ಲಿ ನೋವು ಕುತ್ತಿಗೆಗೆ ಏರುತ್ತದೆ. ಈಗ ಹುಕ್ಕು ಹಚ್ಚುತ್ತಾಳೆ, ಸೀರೆಯ ಅಂಚು ಹೊಲಿಯುತ್ತಾಳೆ. ಮರಳಿಯವರು ಬರುವುದು ಬಿಟ್ಟಿದ್ದಾರೆ. ಇತ್ತ ನೆರೆಯ ವರದಿಯಲ್ಲಿ 'ಯಾವುದೇ ಹಾನಿಯಾಗದಂತೆ ಯಶಸ್ವಿ ಸ್ಥಳಾಂತರ' ಎಂದು ಬರೆದರು. ತಂಡಕ್ಕೆ ಶಾಲು ಹೊದಿಸಿದರು. ಅವಳ ಕೈ ಇವರ ಲೆಕ್ಕದಲ್ಲಿ ಹಾನಿ ಅಲ್ಲ!

ಇಷ್ಟೆಲ್ಲ ಆದ ಮೇಲೆ ಕೊಪ್ಪಳದ ಆ ಪರದೆಯ ಮೇಲೆ ಆ ಫೋಟೋ. ನಾನು ಎದ್ದು ನಿಂತೆ.

"ಆ ಸೈಕಲ್ಲು ನಮ್ಮ ತಂಗಿದ್ರಿ. ಫೋಟೋ ತೆಗಿಯೋವಾಗ ಆಕಿ ಎಲ್ಲಿದ್ಳು, ಕೇಳ್ರಿ."

"ಪ್ರಶ್ನೋತ್ತರ ಕೊನೆಯಲ್ಲಿದೆ ಮೇಡಂ" ಎಂದು ಅವರು ಮುಂದಿನ ಸ್ಲೈಡಿಗೆ ಹೋದರು. ಕೊನೆಯಲ್ಲಿ ಚಹಾ ಬಂತು, ಮಿರ್ಚಿ ಬಂತು, ಸರ್ಟಿಫಿಕೇಟು ಬಂತು. ಪ್ರಶ್ನೋತ್ತರ ಬರಲಿಲ್ಲ. ಅವರ ಹತ್ತಿರ ಹೋಗಿ ನಿಂತು ಎಲ್ಲ ಹೇಳಿದೆ. ತಲೆ ಅಲ್ಲಾಡಿಸುತ್ತಾ ಕೇಳಿ, "ಒಳ್ಳೆಯ ಸಲಹೆ, ಬರೆದು ಕೊಡಿ" ಎಂದರು. ಸಲಹೆಯಂತೆ! ಒಬ್ಬಳ ಕೈ ಹೋದದ್ದು ಇವರಿಗೆ ಸಲಹೆ. ಕುಷ್ಟಗಿಯ ಟೀಚರು ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದರು.

ಮುಂದಿನ ಬೇಸಿಗೆಗೆ ಅಣಕು ಕಾರ್ಯಾಚರಣೆ ತಿರುಗಿ ಬಂತು. ಅದೇ ಅಧಿಕಾರಿ, ಅವೇ ಜಾಕೆಟ್ಟುಗಳು, ಅದೇ ಸುಣ್ಣದ ಡಬ್ಬಿ. ಸೈಕಲ್ಲನ್ನು ಅಷ್ಟರಲ್ಲಿ ಅಣ್ಣ ತಾನೇ ಹೋಗಿ ಬಿಡಿಸಿಕೊಂಡು ಬಂದಿದ್ದ. ಬೆಳಿಗ್ಗೆ ನಾನು ತವರುಮನೆಯಲ್ಲೇ ಇದ್ದೆ. ಅವರು ಬಂದು, ನಂಬುತ್ತೀರೋ ಇಲ್ಲವೋ, ಸೈಕಲ್ಲು ಕೇಳಿದರು.

ತಂಗಿ ಹೊಸ್ತಿಲ ಮೇಲೆ ಕೂತಿದ್ದಳು. "ಸೈಕಲ್ಲು ಸಿಗೂದಿಲ್ರಿ. ಈ ಸಲ ನಾ ಬರ್ತೀನಿ. ಹ್ಯಾಂಗ ಎತ್ತೂದು ಅಂತ ಹೇಳ್ತೀನಿ" ಎಂದಳು.

"ಹೋದ ವರ್ಷದ್ದು ಮರೆತುಬಿಡಿ ತಾಯಿ. ಇವತ್ತು ಟೈಮಿಂಗ್..." ಎಂದು ಅಧಿಕಾರಿ ಗಡಿಯಾರ ನೋಡಿಕೊಂಡರು. ಅವರ ಮಾತು ಮುಗಿಯುವ ಮೊದಲೇ ಜಾಕೆಟ್ಟಿನವನೊಬ್ಬ ರೂಢಿಯಂತೆ ಅವಳ ತಲೆಯ ಮೇಲೆ ಕೈ ಚಾಚಿ ಬಾಗಿಲಿಗೆ ಸುಣ್ಣ ಬಳಿದ. ಅವಳು ಅಲ್ಲೇ ಕೂತಿದ್ದಾಳೆ! ಅವಳ ಕೂದಲ ಮೇಲೆ ಸುಣ್ಣದ ಹನಿ ಬಿತ್ತು. ಸೆರಗಿನಿಂದ ಅವಳ ತಲೆ ಒರೆಸಿದೆ, ಅದೇ ಸೆರಗಿನಿಂದ ಬಾಗಿಲೂ ಒರೆಸಿದೆ. ಆಮೇಲೆ ಶಾಲೆಗೆ ನಡೆದುಹೋಗಿ ಗೇಟಿಗೆ ಬೀಗ ಹಾಕಿ, ಬೀಗದ ಕೈ ಹಿಡಿದು ನಿಂತೆ.

ಊರ ಮಂದಿಯೆಲ್ಲ ಬಂದು ಗೇಟಿನ ಹೊರಗೆ ನಿಂತರು. ಗಡಿಯಾರ ಓಡುತ್ತಿತ್ತು. ಅಧಿಕಾರಿ ಬೆವರು ಒರೆಸಿಕೊಳ್ಳುತ್ತಾ ಬಂದರು.

"ಗೇಟ್ ತೆಗೀರಿ ಮೇಡಂ, ಎಲ್ಲರೂ ಬಂದಾಯ್ತು."

"ಇಲ್ರಿ, ಬಂದಿಲ್ಲ. ಆಕಿ ಬರೂತನಕ ತೆಗಿಯೂದಿಲ್ಲ" ಎಂದೆ.

ಅವರು ಕೂಗಾಡಿದರು. ಮೇಲಿನವರಿಗೆ ಹೇಳುತ್ತೇನೆ ಎಂದರು. ಹೇಳಿಕೊಳ್ಳಲಿ. ಊರವರು ಮೊದಲು ಗೊಣಗಿದರು, ಬಿಸಿಲಿತ್ತು. ಆಮೇಲೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು, "ಕರ್ಕೊಂಡು ಬರ್ರೆಪಾ ಆಕಿನ್ನ, ನಾವೇನು ಇಲ್ಲೇ ಇರ್ತೀವಿ" ಎಂದು ಬೇಲಿಯ ನೆರಳಿಗೆ ಕೂತಳು. ಅವಳ ಹಿಂದೆ ಉಳಿದವರೂ ಕೂತರು. ಜಾಕೆಟ್ಟಿನವರು ತಿರುಗಿ ಹೋಗಲೇಬೇಕಾಯಿತು.

ದೂರದಿಂದಲೇ ತಂಗಿಯ ದನಿ ಕೇಳಿತು. "ಬಗಲಾಗ ಕೈ. ಹಾಂ. ಮೊಣಕಾಲ ಕೆಳಗ ನೀ ಹಿಡಿ. ಜಗ್ಗಬ್ಯಾಡೋ, ನಾ ಏನ್ ಅಕ್ಕಿ ಚೀಲ ಅಲ್ಲ." ನೆರೆಯಲ್ಲಿ ಅವಳ ಕೈ ಹಿಡಿದು ಎಳೆದವನೂ ಹೊತ್ತು ತರುವವರಲ್ಲಿದ್ದ. ತಲೆ ತಗ್ಗಿಸಿಕೊಂಡು ಅವಳು ಹೇಳಿದಂತೆ ಹೆಜ್ಜೆ ಇಡುತ್ತಿದ್ದ. ನಾನು ಗೇಟು ತೆರೆದೆ. ಅವಳನ್ನು ವರಾಂಡದಲ್ಲಿ ಇಳಿಸಿದ ಮೇಲೆ ಅವನು, "ನೋವಾತೇನ್ರಿ ಅಕ್ಕಾರ?" ಎಂದು ಕೇಳಿದ.

"ಈ ಸಲ ಆಗಲಿಲ್ಲ. ನೀರು ಕುಡೀರಿ, ಇನ್ನೊಮ್ಮೆ ಮಾಡೂಣು" ಎಂದಳು.

ಇನ್ನೊಮ್ಮೆ ಮಾಡಲಿಲ್ಲ. ಅಧಿಕಾರಿ ಗಡಿಯಾರ ನಿಲ್ಲಿಸಿ ಜೀಪು ಹತ್ತಿದರು. ಆ ವರ್ಷದ ಅಭ್ಯಾಸ ವಿಫಲವಾಯಿತೆಂದೂ, ಅದಕ್ಕೆ ನಾನೇ ಕಾರಣವೆಂದೂ ಮೇಲೆ ಬರೆದರು. ಶಾಲೆಯ ಗೇಟನ್ನು ನಿಗದಿತ ಸಮಯಕ್ಕೆ ಏಕೆ ತೆರೆಯಲಿಲ್ಲ, ಸಮಜಾಯಿಷಿ ಕೊಡಿ ಎಂದು ನನಗೆ ನೋಟಿಸು ಬಂತು. ಸಹಶಿಕ್ಷಕರು ಬೀಗ ತುಕ್ಕು ಹಿಡಿದಿತ್ತು ಎಂದು ಬರೆಯಿರಿ, ಮುಗಿದುಹೋಗುತ್ತದೆ ಎಂದರು.

ನಾನು ಒಂದೇ ಸಾಲು ಬರೆದು ಕಳಿಸಿದೆ: ಇನ್ನೂ ಒಬ್ಬರು ಬರುವುದಿತ್ತು.